ಬಿದರಿ ಸಾಮಾನಿನ ಕಪ್ಪು ಹಾಗೂ ಲೇಸರ್ ಕೆತ್ತನೆಗೆ ಬಣ್ಣ ತುಂಬುವ ವಿಧಾನಗಳು: ಸಾರ್ವಜನಿಕರಿಗೆ ಮಾಹಿತಿ

ಬೀದರ್ ಜಿಲ್ಲೆಯ ಕಮಲನಗರ, ಔರಾದ್, ಭಾಲ್ಕಿ ಮುಂತಾದ ತಾಲೂಕುಗಳಿಂದ ಕರಕುಶಲ ಗುರುತಿನ ಚೀಟಿ, ಸಾಲ ಸೌಲಭ್ಯ ಹಾಗೂ ಉದ್ಯಮ ನೋಂದಣಿಯನ್ನು ಕೋರುವ ಅರ್ಜಿದಾರರಲ್ಲಿ ಎರಡು ವರ್ಗದವರಿರುತ್ತಾರೆ. ಮೊದಲನೆಯವರು ಉಳಿ ಮತ್ತು ಸುತ್ತಿಗೆಯಿಂದ ಬಿದರಿ ಕೆಲಸ ಮಾಡುವ ಕುಶಲಕರ್ಮಿಗಳು. ಎರಡನೆಯವರು ಲೇಸರ್ ಯಂತ್ರದಿಂದ ನಾಮಫಲಕ, ಸ್ಮರಣಿಕೆ, ಮದುವೆ ಉಡುಗೊರೆ ಮುಂತಾದವುಗಳನ್ನು ಕೆತ್ತುವ ಅಂಗಡಿಯವರು. ಇಬ್ಬರೂ ಕೆತ್ತನೆಗೆ ಬಣ್ಣ ಕೊಡುತ್ತಾರಾದರೂ ವಿಧಾನ ಬೇರೆ, ಅದಕ್ಕೆ ಅನ್ವಯಿಸುವ ಸೌಲಭ್ಯವೂ ಬೇರೆ. ಈ ಭೇದವನ್ನು ಅರಿಯದೆ ಅರ್ಜಿ ಸಲ್ಲಿಸಿದಲ್ಲಿ ಅರ್ಜಿದಾರರ ಸಮಯ ವ್ಯರ್ಥವಾಗುವುದಲ್ಲದೆ, ಬಣ್ಣ ಬಳಿದ ಸಾಮಾನನ್ನು ಬಿದರಿ ಎಂದು ಮಾರಿದಲ್ಲಿ ಕಾನೂನು ಕ್ರಮಕ್ಕೂ ಗುರಿಯಾಗಬೇಕಾಗುತ್ತದೆ. ಆದ್ದರಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಬಿದರಿಯ ಕಪ್ಪು ಬರುವ ಬಗೆ

ಬಿದರಿ ಸಾಮಾನಿನ ಮೂಲ ಲೋಹ ಸತುವು. ಸಾಮಾನ್ಯವಾಗಿ ಹದಿನಾರು ಭಾಗ ಸತುವಿಗೆ ಒಂದು ಭಾಗ ತಾಮ್ರವನ್ನು ಬೆರೆಸಿ ಕರಗಿಸಲಾಗುತ್ತದೆ. ಹರಳೆಣ್ಣೆ ಮತ್ತು ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಅದನ್ನು ಎರಕ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸಿದ ನಂತರ ಮೈಲುತುತ್ತದ ದ್ರಾವಣ ಹಚ್ಚುತ್ತಾರೆ. ಆಗ ಮೇಲ್ಮೈ ಕಪ್ಪಾಗುತ್ತದೆ. ಇದು ಶಾಶ್ವತವಾದ ಕಪ್ಪಲ್ಲ. ಮೊನಚು ಕಡ್ಡಿಯಿಂದ ಎಳೆದ ಗೆರೆಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣಲೆಂದು ಮಾಡಿಕೊಳ್ಳುವ ತಾತ್ಕಾಲಿಕ ವ್ಯವಸ್ಥೆ ಮಾತ್ರ. ಅನಂತರ ಉಳಿಯಿಂದ ಗೆರೆಗಳನ್ನು ಕೆತ್ತಿ, ಅವುಗಳೊಳಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಸುತ್ತಿಗೆಯಿಂದ ಬಡಿದು ಕೂರಿಸಲಾಗುತ್ತದೆ. ತಂತಿ ಕೆಲಸಕ್ಕೆ ತಾರ್‌ಕಶಿ ಎಂದೂ, ತಗಡಿನ ಕೆಲಸಕ್ಕೆ ತೆಹ್‌ನಿಶಾನ್ ಎಂದೂ ಹೆಸರು. ಬಳಿಕ ಇಡೀ ಮೇಲ್ಮೈಯನ್ನು ಮತ್ತೆ ಉಜ್ಜಿದಾಗ ಮೊದಲಿನ ಕಪ್ಪು ಹೋಗಿ, ಬೂದು ಬಣ್ಣದ ಸತುವಿನ ಮೇಲೆ ಬಿಳಿಯ ಬೆಳ್ಳಿ ಇರುವುದರಿಂದ ಚಿತ್ತಾರ ಸರಿಯಾಗಿ ಕಾಣುವುದೇ ಇಲ್ಲ.

ಚಿತ್ತಾರ ಮೂಡುವುದು ಕೊನೆಯ ಹಂತದಲ್ಲಿ. ಬೀದರ್ ಕೋಟೆಯ ಹಳೆಯ ಭಾಗಗಳಲ್ಲಿ, ಬಹುಕಾಲ ಬಿಸಿಲು ಮಳೆ ತಾಗದಿರುವ ಮಣ್ಣನ್ನು ನವಸಾಗರದೊಂದಿಗೆ, ಅಂದರೆ ಅಮೋನಿಯಂ ಕ್ಲೋರೈಡ್‌ನೊಂದಿಗೆ, ನೀರಿನಲ್ಲಿ ಕಲಸಿ, ಹದವಾಗಿ ಬಿಸಿ ಮಾಡಿದ ಸಾಮಾನಿಗೆ ಹಚ್ಚಲಾಗುತ್ತದೆ. ಸತು-ತಾಮ್ರದ ಭಾಗ ಕೂಡಲೇ ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ತೊಳೆದು ಎಣ್ಣೆ ಹಚ್ಚಿದ ಮೇಲೆ ಕಪ್ಪು ಇನ್ನಷ್ಟು ಆಳವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಕಪ್ಪು ಹೊರಗಿನಿಂದ ಬಳಿದ ಬಣ್ಣವಲ್ಲ. ಲೋಹದ ಮೇಲ್ಪದರವೇ ರಾಸಾಯನಿಕ ಬದಲಾವಣೆ ಹೊಂದುತ್ತದೆ. ಸತು ಕರಗಿ ಹೋಗಿ, ತಾಮ್ರದ ಅಂಶ ಹೆಚ್ಚಿರುವ ತೆಳುವಾದ ಕಪ್ಪು ಪದರ ಉಳಿಯುತ್ತದೆ. ತಾಮ್ರ ಬೆರೆಸದ ಶುದ್ಧ ಸತುವಿನ ಮೇಲೆ ಇದೇ ಲೇಪ ಹಚ್ಚಿದರೂ ಈ ಕಪ್ಪು ಬರುವುದಿಲ್ಲ. ಎರಕದ ಸಮಯದಲ್ಲಿ ತಾಮ್ರ ಉಳಿಸಲು ಹೋದವರಿಗೆ ಕೊನೆಯ ದಿನ ಅದರ ಪರಿಣಾಮ ತಿಳಿಯುತ್ತದೆ. ಮಣ್ಣಿನಲ್ಲಿ ನೈಟ್ರೇಟ್ ಲವಣಗಳಿರುವುದು ಮುಖ್ಯವೆನ್ನಲಾಗಿದೆ. ಅನುಭವಿ ಕುಶಲಕರ್ಮಿಗಳು ಮಣ್ಣನ್ನು ನಾಲಿಗೆಗೆ ತಾಗಿಸಿ ಅದರ ಗುಣ ನಿರ್ಧರಿಸುವ ರೂಢಿ ಇದೆ. ಬೀದರ್ ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿರುವುದರಿಂದ ಅನುಮತಿಯಿಲ್ಲದೆ ಯಾರೂ ಅಲ್ಲಿ ಮಣ್ಣು ಅಗೆಯತಕ್ಕದ್ದಲ್ಲ.

ಬಹಮನಿ ಅರಸರ ಕಾಲದಲ್ಲಿ ಇರಾನಿನಿಂದ ಬಂದ ಕುಶಲಕರ್ಮಿಗಳಿಂದ ಈ ಕಲೆ ಬೀದರ್‌ನಲ್ಲಿ ನೆಲೆಯೂರಿತೆಂಬುದು ಪರಂಪರೆಯ ಹೇಳಿಕೆ. ಬೀದರ್‌ನ ಬಿದರಿ ಕಲಾವಿದರಾದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತಿರುತ್ತದೆ.

ಲೇಸರ್ ಕೆತ್ತನೆಗೆ ಬಣ್ಣ

ಮರದ ಮೇಲೆ ಸಾಮಾನ್ಯವಾಗಿ ಇಂಗಾಲದ ಡೈಆಕ್ಸೈಡ್ ಲೇಸರನ್ನೂ, ಲೋಹದ ಮೇಲೆ ಫೈಬರ್ ಲೇಸರನ್ನೂ ಬಳಸಲಾಗುತ್ತದೆ. ಮರವು ಬಣ್ಣವನ್ನು ಹೀರುವುದರಿಂದ ಕೆತ್ತಿದ ಗೆರೆಗೆ ಹಾಕಿದ ಬಣ್ಣ ನಾರಿನ ಗುಂಟ ಹರಡಿ ಅಂಚು ಕೆಡುತ್ತದೆ. ಇದನ್ನು ತಡೆಯಲು ಮೊದಲು ಮರಕ್ಕೆ ಸೀಲರ್ ಹಚ್ಚಿ, ಒಣಗಿದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ಮೇಲಿನಿಂದಲೇ ಕೆತ್ತಬೇಕು. ಗೆರೆಯಲ್ಲಿನ ಮಸಿಯನ್ನು ಕುಂಚದಿಂದ ತೆಗೆದು, ಆಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಬಾರಿ ತುಂಬಿ, ಒಣಗಿದ ನಂತರ ಟೇಪ್ ಕೀಳಬೇಕು. ಮಸಿ ತೆಗೆಯದಿದ್ದರೆ ಹಳದಿಯಂತಹ ತಿಳಿಬಣ್ಣಗಳು ಕೊಳಕಾಗಿ ಕಾಣುತ್ತವೆ. ಚನ್ನಪಟ್ಟಣದ ಆಟಿಕೆಗಳಿಗೆ ಚರಕಿ ಯಂತ್ರದ ಮೇಲೆ ಬಣ್ಣದ ಅರಗನ್ನು ಒತ್ತಿ ಹಿಡಿಯುವ ಕ್ರಮವು ಇದಕ್ಕಿಂತ ಭಿನ್ನವಾದುದು; ಅಲ್ಲಿ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ.

ಲೋಹದ ಮೇಲೆ ಗೆರೆ ಸಾಕಷ್ಟು ಆಳವಿದ್ದರೆ ಮಾತ್ರ ಬಣ್ಣ ನಿಲ್ಲುತ್ತದೆ. ಗೆರೆಯ ಎಣ್ಣೆ ಪಸೆ ತೆಗೆದು, ಎನಾಮೆಲ್ ಅಥವಾ ಎಪಾಕ್ಸಿ ಬಣ್ಣ ತುಂಬಿ, ಮೇಲ್ಮೈಯಲ್ಲಿ ಉಳಿದುದನ್ನು ಒಣಗುವ ಮೊದಲೇ ಒರೆಸಬೇಕು. ಸ್ಟೇನ್‌ಲೆಸ್ ಸ್ಟೀಲ್ ಮತ್ತು ಟೈಟಾನಿಯಂ ಮೇಲೆ ಯಾವ ಬಣ್ಣವನ್ನೂ ಹಾಕದೆ, ಲೇಸರಿನ ಬಿಸಿಯಿಂದಲೇ ಆಕ್ಸೈಡಿನ ತೆಳು ಪದರ ಉಂಟುಮಾಡಿ ಕಪ್ಪು, ನೀಲಿ, ಹೊಂಬಣ್ಣ ತರಲು ಸಾಧ್ಯವಿದೆ. ಪದರದ ದಪ್ಪಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ; ಬಲವಾದ ಆಮ್ಲ ತಾಗಿದರೆ ಹೋಗುತ್ತದೆ. ಅಲ್ಯೂಮಿನಿಯಂ ಮೇಲೆ ಹೀಗೆ ಬಣ್ಣ ಬರುವುದಿಲ್ಲ. ಮೊದಲೇ ಆನೊಡೈಸ್ ಮಾಡಿ ಬಣ್ಣ ಹಿಡಿಸಿದ ತಗಡಿನಲ್ಲಿ ಲೇಸರ್ ಬಣ್ಣವನ್ನು ತೆಗೆದು ಬಿಳಿಯ ಗೆರೆಯನ್ನು ಮೂಡಿಸುತ್ತದೆ.

ಬಿದರಿ ಲೋಹವನ್ನೇ ಲೇಸರಿನಿಂದ ಕೆತ್ತಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಉಳಿಯು ಲೋಹವನ್ನು ಪಕ್ಕಕ್ಕೆ ತಳ್ಳಿ ಗೆರೆಯ ಅಂಚನ್ನು ಎಬ್ಬಿಸುತ್ತದೆ, ಸುತ್ತಿಗೆ ಏಟಿಗೆ ಆ ಅಂಚು ಬಾಗಿ ಬೆಳ್ಳಿಯನ್ನು ಹಿಡಿದುಕೊಳ್ಳುತ್ತದೆ. ಲೇಸರ್ ಲೋಹವನ್ನು ಕರಗಿಸಿ ಆವಿ ಮಾಡುವುದರಿಂದ ಅಂತಹ ಹಿಡಿತ ದೊರೆಯುವುದಿಲ್ಲ. ಅದೂ ಅಲ್ಲದೆ ಸತುವಿನ ಹೊಗೆ ಉಸಿರಿಗೆ ಹೋದರೆ ಜ್ವರ ಬರುತ್ತದೆ. ಯಾವುದೇ ಲೇಸರ್ ಕೆಲಸದಲ್ಲಿ ಆಯಾ ಲೇಸರಿಗೆ ತಕ್ಕ ಕನ್ನಡಕ ಹಾಗೂ ಹೊಗೆ ಹೊರಹೋಗುವ ವ್ಯವಸ್ಥೆ ಕಡ್ಡಾಯವಾಗಿರತಕ್ಕದ್ದು. ಪಿವಿಸಿ ಹಾಳೆಯನ್ನು ಎಂದಿಗೂ ಲೇಸರಿಗೆ ಒಡ್ಡಬಾರದು. ಅದರಿಂದ ಹೊರಡುವ ಹೈಡ್ರೋಜನ್ ಕ್ಲೋರೈಡ್ ಮನುಷ್ಯರಿಗೂ ಯಂತ್ರಕ್ಕೂ ಹಾನಿಕರ.

ಗ್ರಾಹಕರು ಗುರುತಿಸುವ ಬಗೆ

ಕಪ್ಪು ಬಣ್ಣ ಬಳಿದ ತಗಡಿಗೆ ಲೇಸರಿನಿಂದ ಬಳ್ಳಿ ಕೆತ್ತಿದರೆ ಅದು ದೂರದಿಂದ ಬಿದರಿಯಂತೆಯೇ ಕಾಣುತ್ತದೆ. ಉಗುರಿನಿಂದ ಗೆರೆ ತಡವಿದರೆ ತಗ್ಗು ತಿಳಿಯುತ್ತದೆ. ನಿಜವಾದ ಬಿದರಿಯಲ್ಲಿ ಬೆಳ್ಳಿ ಮೇಲ್ಮೈಯೊಂದಿಗೆ ಸಮನಾಗಿರುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯಿಂದ ತಳಭಾಗವನ್ನು ಒರೆಸಿದರೆ ಬಳಿದ ಬಣ್ಣ ಸಾಮಾನ್ಯವಾಗಿ ಹತ್ತಿಗೆ ಬರುತ್ತದೆ, ಬಿದರಿಯ ಕಪ್ಪು ಬರುವುದಿಲ್ಲ. ಅಯಸ್ಕಾಂತ ಅಂಟಿದರೆ ಅದು ಕಬ್ಬಿಣ. ಬಿದರಿ ಸಾಮಾನು ಕೈಗೆ ಭಾರವಾಗಿಯೂ ಇರುತ್ತದೆ. ಬೆಲೆಯ ವಿಷಯದಲ್ಲಿ ಬೆಳ್ಳಿಯ ತೂಕ ಹಾಗೂ ಕೆಲಸದ ದಿನಗಳು ಮುಖ್ಯವಾದ ಲೆಕ್ಕಗಳು. ಇವೆರಡನ್ನೂ ಹೇಳಲಾಗದ ಮಾರಾಟಗಾರರು ರಿಯಾಯಿತಿ ಎಷ್ಟು ಕೊಟ್ಟರೂ ಅದು ಲಾಭವೆನಿಸದು. ಕೊಂಡ ಬಿದರಿಯನ್ನು ಹುಣಸೆ, ನಿಂಬೆ ಅಥವಾ ಪಾತ್ರೆ ಉಜ್ಜುವ ಪುಡಿಯಿಂದ ತೊಳೆಯಬಾರದು. ಬೆಳ್ಳಿ ಮಾಸಿದಲ್ಲಿ ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕು.

ಅರ್ಜಿದಾರರ ಗಮನಕ್ಕೆ

ಬಿದರಿ ಸಾಮಾನಿಗೆ 1999ರ ಸರಕುಗಳ ಭೌಗೋಳಿಕ ಸೂಚಕಗಳ ಕಾಯಿದೆಯಡಿ ನೋಂದಣಿ ದೊರೆತಿರುತ್ತದೆ. ಪ್ರತಿಯೊಬ್ಬ ಕುಶಲಕರ್ಮಿಯೂ ಚೆನ್ನೈನಲ್ಲಿರುವ ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿಗೆ ಜಿಐ-3 ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಅಧಿಕೃತ ಬಳಕೆದಾರರಾಗಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬಹುದು. ಕಲೆಗೆ ನೋಂದಣಿ ಆಗಿದೆಯೆಂದ ಮಾತ್ರಕ್ಕೆ ತಮಗೂ ಆಗಿದೆ ಎಂದು ಭಾವಿಸುವುದು ಸರಿಯಲ್ಲ. ಈ ತಪ್ಪು ಗ್ರಹಿಕೆಯೇ ಹೆಚ್ಚು. ಅರ್ಜಿ ಶುಲ್ಕವನ್ನು 2020ರ ತಿದ್ದುಪಡಿಯಲ್ಲಿ 500 ರೂಪಾಯಿಗಳಿಂದ 10 ರೂಪಾಯಿಗಳಿಗೆ ಇಳಿಸಲಾಗಿದೆ. ಸುಳ್ಳಾಗಿ ಭೌಗೋಳಿಕ ಸೂಚಕವನ್ನು ಬಳಸುವವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಹಾಗೂ 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. ಲೇಸರ್ ಅಂಗಡಿಯವರು ತಮ್ಮ ಸಾಮಾನನ್ನು “ಲೇಸರ್ ಕೆತ್ತನೆಯ ಸ್ಮರಣಿಕೆ” ಎಂದೇ ಬಿಲ್ಲಿನಲ್ಲಿ ನಮೂದಿಸುವುದು ಕ್ಷೇಮಕರ.

ಕೈಕೆಲಸದ ಕುಶಲಕರ್ಮಿಗಳು ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಿಂದ ನೀಡಲಾಗುವ ಪೆಹಚಾನ್ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಅಕ್ಕಸಾಲಿಗ, ಕಮ್ಮಾರ ಮುಂತಾದ ಕಸುಬುಗಳಿದ್ದು, ಬಿದರಿ ಕೆಲಸವನ್ನು ಪ್ರತ್ಯೇಕವಾಗಿ ಹೆಸರಿಸಿರುವುದಿಲ್ಲ. ಆದ್ದರಿಂದ ಬಿದರಿಯವರು ಆ ಯೋಜನೆಗೆ ಅರ್ಜಿ ಸಲ್ಲಿಸುವ ಮೊದಲು ಬೀದರ್‌ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಅರ್ಹತೆಯನ್ನು ವಿಚಾರಿಸಿಕೊಳ್ಳುವುದು. ಕಸುಬಿನ ಕಾಲಂನಲ್ಲಿ ಬೇರೆ ಕಸುಬನ್ನು ನಮೂದಿಸಿದಲ್ಲಿ ಪರಿಶೀಲನೆಯ ಹಂತದಲ್ಲಿ ಅರ್ಜಿ ತಿರಸ್ಕೃತವಾಗುವ ಸಂಭವವಿದೆ.

ಲೇಸರ್ ಯಂತ್ರ ಹಾಕುವವರು ಉದ್ಯಮ್ ನೋಂದಣಿಯನ್ನು ಪಡೆಯಬಹುದು. ಇದು ಸಂಪೂರ್ಣ ಉಚಿತವಾಗಿದ್ದು, ಆಧಾರ್ ಸಂಖ್ಯೆಯ ಆಧಾರದ ಮೇಲೆ ಅಂತರ್ಜಾಲದಲ್ಲಿಯೇ ಪೂರ್ಣಗೊಳ್ಳುತ್ತದೆ. ಇದಕ್ಕಾಗಿ ಸರ್ಕಾರಿ ಶುಲ್ಕವೆಂದು ಹಣ ಕೇಳುವ ಮಧ್ಯವರ್ತಿಗಳಿಗೆ ಕಮಲನಗರ ಭಾಗದ ಅರ್ಜಿದಾರರು ಹಣ ಕೊಡತಕ್ಕದ್ದಲ್ಲ.