ತಲೆಪೆಟ್ಟು ಮತ್ತು ಮಾತ್ರೆಯ ಗಡುವು

ಮೈಸೂರು ರಸ್ತೆಯಲ್ಲಿ ವಾಹನದಿಂದ ಬಿದ್ದು ಮಿದುಳಿಗೆ ಪೆಟ್ಟಾದವರು ನಿಮ್ಹಾನ್ಸ್‌ನಂಥ ಆಸ್ಪತ್ರೆಯಲ್ಲಿ ಚೇತರಿಸಿಕೊಂಡು ಕೆಂಗೇರಿ, ವಿಜಯನಗರ, ರಾಜಾಜಿನಗರದ ಮನೆಗಳಿಗೆ ಮರಳುವಾಗ ಜೊತೆಗೆ ಔಷಧಿ ಚೀಟಿಯೂ ಬರುತ್ತದೆ. ಅದರಲ್ಲಿ ಹಲವು ವೇಳೆ ಫಿಟ್ಸ್ ತಡೆಯುವ ಮಾತ್ರೆಯೂ ಇರುತ್ತದೆ. ಅದನ್ನು ಎಷ್ಟು ದಿನ ನುಂಗಬೇಕು? ಈ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆತದ್ದು ತೀರ ಈಚೆಗೆ.

ನಿದ್ರೆಗಾಗಿ ಕೊಡುತ್ತಿದ್ದ ಫಿನೋಬಾರ್ಬಿಟಾಲ್ ಫಿಟ್ಸನ್ನೂ ತಡೆಯುತ್ತದೆಂದು 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ತೋರಿಸಿದರು. ಅದಕ್ಕಿಂತ ಕಡಿಮೆ ಮಂಪರು ತರುವ ಫೆನಿಟಾಯಿನ್ 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಅವರಿಂದ ಬಳಕೆಗೆ ಬಂತು. ಕ್ರಮೇಣ, ಒಮ್ಮೆಯೂ ಫಿಟ್ಸ್ ಬಾರದ ತಲೆಪೆಟ್ಟಿನ ರೋಗಿಗಳಿಗೂ ಮುನ್ನೆಚ್ಚರಿಕೆಯಾಗಿ ಅದನ್ನು ತಿಂಗಳುಗಟ್ಟಲೆ ಕೊಡುವುದು ರೂಢಿಯಾಯಿತು. ಬೆಂಗಳೂರಿನಲ್ಲಿ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು ಒಂದಾಗಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಾಗಲೂ ಈ ರೂಢಿ ಸರಿಯೇ ಎಂಬುದು ಇತ್ಯರ್ಥವಾಗಿರಲಿಲ್ಲ.

ಅಮೆರಿಕದ ಸಿಯಾಟಲ್‌ನಲ್ಲಿ ನ್ಯಾನ್ಸಿ ಟೆಮ್ಕಿನ್ ಮತ್ತು ಸಂಗಡಿಗರು ತೀವ್ರ ಪೆಟ್ಟಾದ 404 ರೋಗಿಗಳನ್ನು ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ವಾರದಲ್ಲಿ ಹುಸಿ ಔಷಧ ಪಡೆದವರ ಪೈಕಿ ನೂರಕ್ಕೆ ಸುಮಾರು 14 ಮಂದಿಗೆ ಫಿಟ್ಸ್ ಬಂದರೆ, ಫೆನಿಟಾಯಿನ್ ಪಡೆದವರಲ್ಲಿ ಬಂದದ್ದು ಸುಮಾರು 4 ಮಂದಿಗೆ ಮಾತ್ರ. ಆದರೆ ವಾರ ಕಳೆದ ಮೇಲೆ ಔಷಧದಿಂದ ಯಾವ ಲಾಭವೂ ಕಾಣಲಿಲ್ಲ. ಇಂದು ಲೆವೆಟಿರಾಸಿಟಾಮ್ ಹೆಚ್ಚು ಬಳಕೆಯಲ್ಲಿದ್ದರೂ, ಕೇವಲ ಮುನ್ನೆಚ್ಚರಿಕೆಗಾದರೆ ಸಾಮಾನ್ಯವಾಗಿ ಏಳು ದಿನ ಸಾಕೆಂಬ ನಿಯಮಕ್ಕೆ ಈ ಅಧ್ಯಯನವೇ ಮುಖ್ಯ ಆಧಾರ.

ಹಾಗೆಂದು ಮನೆಯವರೇ ಮಾತ್ರೆ ನಿಲ್ಲಿಸುವುದು ಅಪಾಯ. ವಾರದ ನಂತರ ಫಿಟ್ಸ್ ಬಂದವರಿಗೆ ದೀರ್ಘಕಾಲದ ಔಷಧ ಬೇಕಾಗಬಹುದು. ಅದನ್ನು ಥಟ್ಟನೆ ಬಿಟ್ಟರೆ ಬಿಡದೆ ಫಿಟ್ಸ್ ಬಂದು ಪ್ರಾಣಕ್ಕೇ ಸಂಚಕಾರ. ವೈದ್ಯರನ್ನು ಕೇಳದೆ ಮುಂದುವರಿಸುವುದೂ ಅಷ್ಟೇ ತಪ್ಪು. ಫೆನಿಟಾಯಿನ್‌ನ ಪ್ರಮಾಣ ತುಸು ಏರಿದರೂ ರಕ್ತದಲ್ಲಿ ಅದರ ಮಟ್ಟ ಬಹಳ ಏರಬಹುದು. ಆಗ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಮಂಪರು ಕವಿಯುತ್ತದೆ. ಮನೆಯವರು ಅದನ್ನು ಪೆಟ್ಟಿನ ಫಲವೆಂದೇ ತಿಳಿಯುವ ಸಂಭವ ಹೆಚ್ಚು.

ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಮಾತ್ರೆಯ ಹೆಸರು, ಹೊತ್ತುಗಳನ್ನಷ್ಟೇ ಬರೆದುಕೊಂಡರೆ ಸಾಲದು. ಅದು ಬಂದ ಫಿಟ್ಸಿಗೋ, ಬಾರದಿರಲೆಂದೋ, ಮತ್ತು ಯಾವ ದಿನದವರೆಗೆ ಎಂಬುದನ್ನೂ ವೈದ್ಯರಿಂದ ಚೀಟಿಯಲ್ಲೇ ಬರೆಸಿಕೊಳ್ಳಬೇಕು.