ಫಾಂಡ್ಯೂ ಪಾತ್ರೆ ಕೊಳ್ಳುವ ಮುನ್ನ: ಥಳಕಿಗಿಂತ ತಾಪ ಮುಖ್ಯ

ಊಟದ ಮೇಜಿನ ನಡುವೆ ಒಂದು ಬಿಸಿ ಪಾತ್ರೆ, ಅದರ ತುಂಬ ಕರಗಿದ ಚೀಸ್. ಸುತ್ತ ಕುಳಿತವರು ಉದ್ದನೆಯ ಫೋರ್ಕಿಗೆ ಬ್ರೆಡ್ ತುಣುಕು ಸಿಕ್ಕಿಸಿ, ಅದ್ದಿ ತಿನ್ನುತ್ತಾರೆ. ಇದೇ ಸ್ವಿಟ್ಜರ್ಲೆಂಡ್‌ನ ಹೆಸರಾಂತ ಖಾದ್ಯ ಫಾಂಡ್ಯೂ. ಕರಗಿಸು ಎಂಬ ಅರ್ಥದ ಫ್ರೆಂಚ್ ಪದದಿಂದ ಈ ಹೆಸರು ಬಂದಿದೆ. 1930ರ ದಶಕದಲ್ಲಿ ಸ್ವಿಸ್ ಚೀಸ್ ಒಕ್ಕೂಟವು ಚೀಸ್ ಬಳಕೆಯನ್ನು ಹೆಚ್ಚಿಸುವ ಸಲುವಾಗಿ ಇದನ್ನು ರಾಷ್ಟ್ರೀಯ ಖಾದ್ಯವೆಂದು ಪ್ರಚಾರ ಮಾಡಿತು. 1960 ಮತ್ತು 70ರ ದಶಕಗಳಲ್ಲಿ ಅಮೆರಿಕದ ಮನೆಗಳಲ್ಲಿ ಇದರ ಗೀಳು ಹಬ್ಬಿತು. ಸ್ಪಿರಿಟ್ ದೀಪದ ಮೇಲಿಡುತ್ತಿದ್ದ ಸಾಂಪ್ರದಾಯಿಕ ಪಾತ್ರೆಯ ಜೊತೆಗೆ ಇಂದು ವಿದ್ಯುತ್ ಪಾತ್ರೆಯೂ ಬಳಕೆಯಲ್ಲಿದೆ.

ಆನ್‌ಲೈನ್ ಮಳಿಗೆಗಳಿಂದಲೋ, ವಿದೇಶದಿಂದ ಬರುವ ಬಂಧುಗಳ ಉಡುಗೊರೆಯಾಗಿಯೋ ಈ ಪಾತ್ರೆ ನಮ್ಮ ನಗರಗಳ ಮನೆಗಳನ್ನೂ ತಲುಪುತ್ತದೆ. ಕೊಳ್ಳುವವರ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ, ಫೋರ್ಕುಗಳ ಸಂಖ್ಯೆಯ ಮೇಲೆ. ಆದರೆ ಅಡುಗೆ ಕೆಡುವುದೂ, ಅವಘಡ ಸಂಭವಿಸುವುದೂ ತಾಪ ಹತೋಟಿ ತಪ್ಪಿದಾಗಲೇ.

ಮೂರು ಅಡುಗೆ, ಮೂರು ತಾಪ

ಫಾಂಡ್ಯೂ ಎಂದರೆ ಚೀಸ್ ಮಾತ್ರವಲ್ಲ. ಚಾಕೊಲೇಟ್ ಕರಗಿಸಿ ಹಣ್ಣು ಅದ್ದುವುದುಂಟು. ಕಾದ ಎಣ್ಣೆಯಲ್ಲಿ ಮಾಂಸ, ತರಕಾರಿಗಳನ್ನು ಕರಿಯುವುದೂ ಉಂಟು. ಇವು ಮೂರಕ್ಕೂ ಬೇಕಾದ ಶಾಖ ಬೇರೆ ಬೇರೆ.

ಚೀಸ್ ಬಿಸಿಯಾಗಿರಬೇಕು, ಆದರೆ ಕುದಿಯಬಾರದು. ಅತಿಯಾಗಿ ಕಾದರೆ ಅದರ ಪ್ರೋಟೀನ್ ಗಂಟುಕಟ್ಟುತ್ತದೆ, ಕೊಬ್ಬು ಎಣ್ಣೆಯಾಗಿ ಬೇರ್ಪಟ್ಟು ತೇಲುತ್ತದೆ. ಆರಿದರೆ ರಬ್ಬರಿನಂತೆ ಗಟ್ಟಿಯಾಗುತ್ತದೆ. ಚಾಕೊಲೇಟ್ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. 50 ಡಿಗ್ರಿ ಮೀರಿದರೆ, ವಿಶೇಷವಾಗಿ ಹಾಲು ಬೆರೆತ ಚಾಕೊಲೇಟ್, ಸೀಯುವ ಅಪಾಯವಿದೆ. ಎಣ್ಣೆಗಾದರೋ 180ರಿಂದ 190 ಡಿಗ್ರಿಯಷ್ಟು ಶಾಖ ಬೇಕು.

ಆದ್ದರಿಂದ ಥರ್ಮೋಸ್ಟಾಟ್ ಎಂಬ ತಾಪನಿಯಂತ್ರಕವಿರುವ, ಕೆಳಮಟ್ಟದ ಶಾಖದಿಂದ ಹಂತಹಂತವಾಗಿ ಏರಿಸಬಹುದಾದ ಪಾತ್ರೆಯನ್ನೇ ಆರಿಸಬೇಕು. ಗುಂಡಿಯ ಸುತ್ತ ಡಿಗ್ರಿಗಳ ಅಂಕಿ ನಮೂದಾಗಿದ್ದರೆ ಮತ್ತೂ ಒಳ್ಳೆಯದು. ಕೇವಲ ಆನ್, ಆಫ್ ಸ್ವಿಚ್ ಇರುವ ಪಾತ್ರೆ ಮೂರೂ ಅಡುಗೆಗೆ ಒದಗುವುದಿಲ್ಲ. ಎಣ್ಣೆಯಲ್ಲಿ ಕರಿಯುವ ಉದ್ದೇಶವಿದ್ದರೆ ಸುಮಾರು 1000 ವ್ಯಾಟ್ ಸಾಮರ್ಥ್ಯ ಅಗತ್ಯ. ತಣ್ಣನೆಯ ತುಣುಕುಗಳನ್ನು ಮುಳುಗಿಸಿದಾಗ ಇಳಿಯುವ ಶಾಖ ಬೇಗನೆ ಮರಳಿ ಏರಬೇಕಷ್ಟೆ.

ಪಾತ್ರೆ ಯಾವುದರದ್ದು?

ಎನಾಮಲ್ ಲೇಪಿತ ಎರಕದ ಕಬ್ಬಿಣವು ಶಾಖವನ್ನು ಹಿಡಿದಿಡುತ್ತದೆ, ಆದರೆ ತೂಕ ಹೆಚ್ಚು. ಪಿಂಗಾಣಿ ಪಾತ್ರೆ ಚೀಸ್ ಹಾಗೂ ಚಾಕೊಲೇಟ್‌ಗೆ ಸರಿ. ಕಾದ ಎಣ್ಣೆಯ ಶಾಖಕ್ಕೆ ಬಿರುಕು ಬಿಡುವ ಸಂಭವವಿರುವುದರಿಂದ ಕರಿಯಲು ಸಲ್ಲದು. ಸ್ಟೇನ್‌ಲೆಸ್ ಸ್ಟೀಲ್ ಎಣ್ಣೆಗೆ ಹೇಳಿಮಾಡಿಸಿದ್ದು, ಆದರೆ ತಳ ತೆಳುವಾಗಿದ್ದರೆ ಚೀಸ್ ತಳಹಿಡಿಯುತ್ತದೆ. ನಾನ್‌ಸ್ಟಿಕ್ ಲೇಪನ ತೊಳೆಯಲು ಸುಲಭ. ಲೋಹದ ಫೋರ್ಕಿನಿಂದ ಕೆರೆದರೆ ಹಾಳಾಗುತ್ತದೆ.

ಪಾತ್ರೆ ಮತ್ತು ಬಿಸಿಮಾಡುವ ತಳಭಾಗ ಬೇರ್ಪಡುವಂತಿದ್ದರೆ ತೊಳೆಯುವ ತಲೆನೋವು ತಪ್ಪುತ್ತದೆ. ಎರಡೂ ಒಂದಾಗಿದ್ದರೆ ನೀರಿನಲ್ಲಿ ಮುಳುಗಿಸುವಂತಿಲ್ಲ. ನಾಲ್ಕರಿಂದ ಆರು ಮಂದಿಗೆ ಒಂದೂವರೆಯಿಂದ ಎರಡು ಲೀಟರ್ ಹಿಡಿಯುವ ಪಾತ್ರೆ ಸಾಕು.

ಅಮೆರಿಕದ ಉಡುಗೊರೆ, ಎಚ್ಚರಿಕೆ

ಅಮೆರಿಕದ ಮನೆಗಳ ವಿದ್ಯುತ್ 120 ವೋಲ್ಟ್. ಭಾರತದ್ದು 230 ವೋಲ್ಟ್. ಅಲ್ಲಿಂದ ತಂದ ಪಾತ್ರೆಯನ್ನು ಇಲ್ಲಿ ನೇರವಾಗಿ ಜೋಡಿಸಿದರೆ ಅದು ಹೆಚ್ಚುಕಡಿಮೆ ನಾಲ್ಕು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. 800 ವ್ಯಾಟ್‌ನ ಪಾತ್ರೆ 2900 ವ್ಯಾಟ್‌ಗೂ ಮಿಕ್ಕಿ ಕಾಯಲು ಹೊರಟು ಸುಟ್ಟುಹೋಗಬಹುದು, ಬೆಂಕಿಗೂ ಕಾರಣವಾಗಬಹುದು. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ತಗ್ಗಿಸುವುದಿಲ್ಲ ಎಂಬುದು ನೆನಪಿರಲಿ. ತಗ್ಗಿಸಲು ಪಾತ್ರೆಯ ವ್ಯಾಟ್‌ಗೆ ತಕ್ಕ ಭಾರದ ಟ್ರಾನ್ಸ್‌ಫಾರ್ಮರ್ ಬೇಕು. ಆ ಖರ್ಚಿಗಿಂತ ಇಲ್ಲಿನ ವೋಲ್ಟೇಜಿಗೆ ತಯಾರಾದ ಪಾತ್ರೆ ಕೊಳ್ಳುವುದೇ ಲೇಸು. ತಳದ ಫಲಕದಲ್ಲಿ 220-240 ವೋಲ್ಟ್, 50 ಹರ್ಟ್ಸ್ ಎಂದು ಬರೆದಿರಬೇಕು.

1000 ವ್ಯಾಟ್‌ನ ಪಾತ್ರೆಗೆ ನಾಲ್ಕೂವರೆ ಆಂಪಿಯರ್ ಒಳಗೆ ವಿದ್ಯುತ್ ಸಾಕಾಗುವುದರಿಂದ 6 ಆಂಪಿಯರ್ ಸಾಕೆಟ್ ನಡೆಯುತ್ತದೆ. 1500 ವ್ಯಾಟ್‌ನದ್ದಕ್ಕೆ 16 ಆಂಪಿಯರ್ ಸಾಕೆಟ್ ಬೇಕು. ಲೋಹದ ಮೈಯಿರುವ ಪಾತ್ರೆಗೆ ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗೇ ಇರಲಿ.

ಮೇಜಿನ ಮೇಲಿನ ಅಪಾಯ

ಒಲೆ ಅಡುಗೆಮನೆಯಲ್ಲಿರುತ್ತದೆ, ಈ ಪಾತ್ರೆ ಮಕ್ಕಳೂ ಕೂರುವ ಮೇಜಿನ ಮೇಲಿರುತ್ತದೆ. ವೈರಿಗೆ ಯಾರ ಕಾಲಾದರೂ ತೊಡರಿದರೆ ಕಾದ ಎಣ್ಣೆ ಮೈಮೇಲೆ ಬೀಳುತ್ತದೆ. ಆದ್ದರಿಂದ ತಳ ಅಗಲವಾಗಿರಬೇಕು, ಹಿಡಿಕೆಗಳು ಬಿಸಿಯಾಗಬಾರದು. ಎಳೆದೊಡನೆ ಕಳಚಿಕೊಳ್ಳುವ ಆಯಸ್ಕಾಂತದ ವೈರ್ ಇರುವ ಪಾತ್ರೆ ಸಿಕ್ಕರೆ ಸ್ವಲ್ಪ ಹೆಚ್ಚು ಬೆಲೆ ತೆತ್ತರೂ ನಷ್ಟವಿಲ್ಲ. ಎಣ್ಣೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು. ಕೈಗೆಟುಕುವಂತಿದ್ದರೆ ವಿದ್ಯುತ್ ಕಡಿದು, ಮುಚ್ಚಳ ಮುಚ್ಚಬೇಕು. ಹಸಿ ಮಾಂಸ ಸಿಕ್ಕಿಸಿದ ಫೋರ್ಕಿನಿಂದಲೇ ತಿನ್ನುವುದೂ ಸರಿಯಲ್ಲ.

ಸಸ್ಯಾಹಾರಿಗಳಿಗೆ

ಸ್ವಿಸ್ ಫಾಂಡ್ಯೂಗೆ ಬಳಸುವ ಗ್ರುಯೇರ್ ಚೀಸನ್ನು ಸಾಂಪ್ರದಾಯಿಕವಾಗಿ ಕರುವಿನ ಜಠರದಿಂದ ಪಡೆದ ರೆನೆಟ್ ಬಳಸಿ ತಯಾರಿಸುತ್ತಾರೆ. ಸಸ್ಯಾಹಾರಿಗಳು ಪೊಟ್ಟಣದ ಮೇಲಿನ ಹಸಿರು ಗುರುತು ನೋಡಿ ಕೊಳ್ಳಬೇಕು. ಇಲ್ಲಿ ಸುಲಭವಾಗಿ ದೊರೆಯುವ ಸಂಸ್ಕರಿತ ಚೀಸ್‌ನಲ್ಲಿ ಕೊಬ್ಬು ಬೇರ್ಪಡದಂತೆ ತಡೆಯುವ ಲವಣಗಳಿರುವುದರಿಂದ ಅದು ನಯವಾಗಿಯೇ ಕರಗುತ್ತದೆ. ವೈನ್ ಬೇಡವಾದವರು ನೀರಿಗೆ ಸ್ವಲ್ಪ ನಿಂಬೆರಸ, ಕಾರ್ನ್‌ಫ್ಲೋರ್ ಬೆರೆಸಿಕೊಳ್ಳಬಹುದು.

ನಿಜಕ್ಕೂ ಬೇಕೇ?

ವರ್ಷಕ್ಕೊಮ್ಮೆ ಚಾಕೊಲೇಟ್ ಕರಗಿಸಲು ಈ ಖರ್ಚು ಅನಗತ್ಯ. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು, ಒಳಗೆ ಹನಿ ನೀರೂ ಸಿಡಿಯದಂತೆ ನೋಡಿಕೊಂಡರಾಯಿತು. ಚೀಸ್‌ಗೆ ಇಂಡಕ್ಷನ್ ಒಲೆಯ ಸಣ್ಣ ಶಾಖದಲ್ಲಿ ದಪ್ಪ ತಳದ ಪಾತ್ರೆಯೂ ನಡೆಯುತ್ತದೆ. ಆಗಾಗ್ಗೆ ನಾಲ್ಕಾರು ಜನ ಸೇರಿ ಮೇಜಿನ ಸುತ್ತ ನಿಧಾನವಾಗಿ ಉಣ್ಣುವ ಮನೆಗೆ ಮಾತ್ರ ವಿದ್ಯುತ್ ಫಾಂಡ್ಯೂ ಪಾತ್ರೆ ಸಾರ್ಥಕ. ಅಂಥವರು ಪೆಟ್ಟಿಗೆಯ ಮೇಲಿನ ಚಿತ್ರ ನೋಡುವ ಮೊದಲು ಮೂರು ಅಂಶ ನೋಡಲಿ: ತಾಪನಿಯಂತ್ರಕ, ವೋಲ್ಟೇಜ್ ಮತ್ತು ವೈರ್.