ಮಠದ ನೆಲಕ್ಕೆ ಹಾಸಿದ ಬೀಸುಗಲ್ಲುಗಳು

ಲಂಡನ್ನಿನಿಂದ ಉತ್ತರಕ್ಕೆ ಸುಮಾರು 20 ಮೈಲಿ ದೂರದಲ್ಲಿ ಸೇಂಟ್ ಆಲ್ಬನ್ಸ್ ಎಂಬ ಹಳೆಯ ಊರೊಂದಿದೆ. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿಯ ಕ್ರೈಸ್ತ ಮಠವು ಇಂಗ್ಲೆಂಡಿನ ಬಹು ಶ್ರೀಮಂತವಾದ ಮಠಗಳಲ್ಲೊಂದಾಗಿದ್ದಿತು. ಊರೆಲ್ಲವೂ ಮಠದ್ದೇ, ಊರಿನ ನದಿ, ಹೊಲ, ಕಾಡು, ಕೊಳ, ಸೆರೆಮನೆ ಸಹ ಮಠದ್ದೇ. ಸನ್ಯಾಸಿಗಳು ಕುಳಿತು ಮಾತನಾಡುವುದಕ್ಕೆಂದು ಮಠದೊಳಗೆ ಒಂದು ಕೊಠಡಿಯಿತ್ತು. ಐವತ್ತು ವರ್ಷಗಳ ಕಾಲ ಅದರ ಬಾಗಿಲೆಡೆಯ ನೆಲಕ್ಕೆ ಹಾಸಿದ್ದುದು ಸಾಮಾನ್ಯ ಚಪ್ಪಡಿಗಳನ್ನಲ್ಲ, ಊರಿನ ಮನೆಮನೆಗಳಿಂದ ಕಿತ್ತು ತಂದ ಬೀಸುಗಲ್ಲುಗಳನ್ನು. ಗೆದ್ದ ಅರಸರು ಸೋತವರ ಧ್ವಜವನ್ನು ತಂದರು, ಆನೆಗಳನ್ನು ತಂದರು, ದೇವರ ವಿಗ್ರಹಗಳನ್ನೂ ತಂದರು ಎಂದು ಚರಿತ್ರೆಯಲ್ಲಿ ಓದುತ್ತೇವೆ. ಅಡುಗೆಮನೆಯ ಕಲ್ಲನ್ನು ಗೆದ್ದು ತಂದು ಕಾಲ ಕೆಳಗೆ ಹಾಸಿಕೊಂಡ ಪ್ರಸಂಗ ಬೇರೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಇಷ್ಟು ದೊಡ್ಡ ಮಠಕ್ಕೆ ಬಡವರ ಮನೆಯ ಕಲ್ಲಿನ ಮೇಲೆ ಅಷ್ಟೇಕೆ ಸಿಟ್ಟು?

ಉತ್ತರವು ಹಿಟ್ಟಿನ ಸ್ವಭಾವದಲ್ಲಿಯೇ ಇದೆ. ಕಾಳು ವರ್ಷಗಟ್ಟಲೆ ಕೆಡದೆ ಇರುತ್ತದೆ, ಹಿಟ್ಟು ಇರುವುದಿಲ್ಲ. ಗೋಧಿಯ ಮೊಳಕೆಯ ಭಾಗದಲ್ಲಿ ಎಣ್ಣೆಯ ಅಂಶವಿದೆ. ಬೀಸಿದೊಡನೆ ಆ ಎಣ್ಣೆಗೆ ಗಾಳಿ ತಗಲಿ, ಕೆಲವು ವಾರಗಳಲ್ಲಿ ಹಿಟ್ಟು ಕಮಟು ನಾತ ಹೊಡೆಯುತ್ತದೆ. ಈಗ ಅಂಗಡಿಯಲ್ಲಿ ಸಿಕ್ಕುವ ಮೈದಾ ತಿಂಗಳುಗಟ್ಟಲೆ ನಿಲ್ಲುವುದು ಅದರಿಂದ ಮೊಳಕೆಯನ್ನೂ ತವುಡನ್ನೂ ತೆಗೆದುಬಿಟ್ಟಿರುವುದರಿಂದ. ಉಕ್ಕಿನ ಉರುಳೆಗಳ ಗಿರಣಿಗಳು 1870ರ ದಶಕದಿಂದೀಚೆಗೆ ಹರಡಿದ ಮೇಲೆ ಇದು ಲೋಕದಲ್ಲೆಲ್ಲ ಸಾಮಾನ್ಯವಾಯಿತು. ಅದಕ್ಕೆ ಮೊದಲು ಸಂಸಾರವಂದಿಗರು ಕೂಡಿಡುತ್ತಿದ್ದುದು ಕಾಳನ್ನು. ಬೀಸಿಕೊಳ್ಳುತ್ತಿದ್ದುದು ಆಗಾಗಿನ ರೊಟ್ಟಿಗೆ ಬೇಕಾದಷ್ಟನ್ನು. ಆದುದರಿಂದ ಬೀಸುವ ಸಾಧನ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಊರಿನ ಊಟವಿದೆ ಎಂದೇ ಅರ್ಥ. ಯೆಹೂದ್ಯರ ಹಳೆಯ ಧರ್ಮಶಾಸ್ತ್ರಕ್ಕೆ ಇದು ಚೆನ್ನಾಗಿ ತಿಳಿದಿತ್ತು. ಸಾಲಕ್ಕೆ ಅಡವಾಗಿ ಯಾರ ಬೀಸುಗಲ್ಲನ್ನೂ ತೆಗೆದುಕೊಳ್ಳಬಾರದು, ಹಾಗೆ ಮಾಡಿದರೆ ಪ್ರಾಣವನ್ನೇ ಅಡವಿಟ್ಟುಕೊಂಡಂತೆ ಎಂಬ ವಿಧಿ ‘ಧರ್ಮೋಪದೇಶಕಾಂಡ’ದಲ್ಲಿದೆ. ಕೆಳಗಲ್ಲನ್ನು ಮಾತ್ರವಲ್ಲ, ಮೇಲುಗಲ್ಲನ್ನೂ ತೆಗೆದುಕೊಳ್ಳಕೂಡದು ಎಂದು ಬಿಡಿಸಿ ಹೇಳಿದೆ. ಒಂದನ್ನು ಮಾತ್ರ ಕೊಂಡೊಯ್ದು ‘ಇನ್ನೊಂದು ನಿನಗೇ ಇರಲಿ’ ಎನ್ನುವ ಸಾಲಗಾರರು ಆ ಕಾಲದಲ್ಲಿಯೂ ಇದ್ದಿರಬೇಕು!

ಬೀಸುವುದು ಎಂತಹ ದುಡಿಮೆ ಎಂಬುದನ್ನು ಪ್ರಾಚೀನ ಕವಿಗಳೂ ಬಲ್ಲರು. ಹೋಮರನ ‘ಒಡಿಸ್ಸಿ’ಯಲ್ಲಿ ಅರಮನೆಗೆ ಹಿಟ್ಟು ಬೀಸುವ ಹನ್ನೆರಡು ಮಂದಿ ಹೆಂಗಸರಿದ್ದಾರೆ. ಉಳಿದವರು ಕೆಲಸ ಮುಗಿಸಿ ಮಲಗಿದರೂ ಎಲ್ಲರಿಗಿಂತ ನಿಶ್ಶಕ್ತಳಾದ ಒಬ್ಬಳು ಇನ್ನೂ ಬೀಸುತ್ತಲೇ ಇದ್ದು, ತನ್ನ ಮೊಣಕಾಲುಗಳ ಬಲವನ್ನು ಹೀರಿದವರಿಗೆ ಇದೇ ಕೊನೆಯ ಊಟವಾಗಲಿ ಎಂದು ದೇವರನ್ನು ಬೇಡುತ್ತಾಳೆ. ಅಷ್ಟು ದೊಡ್ಡ ವೀರಕಾವ್ಯದಲ್ಲಿ ಈ ಹೆಸರಿಲ್ಲದ ಹೆಂಗಸಿನ ಶಾಪಕ್ಕೆ ಎಡೆ ಸಿಕ್ಕಿತಲ್ಲ ಎಂದು ನನಗೆ ಪ್ರತಿಸಲವೂ ಆಶ್ಚರ್ಯವಾಗುತ್ತದೆ. ಮುಂದೆ, ಕ್ರಿಸ್ತಶಕದ ಆರಂಭದ ಆಸುಪಾಸಿನಲ್ಲಿ, ಆಂಟಿಪೇಟರ್ ಎಂಬ ಗ್ರೀಕ್ ಕವಿ ನೀರಿನ ಗಿರಣಿಯನ್ನು ಕಂಡು ಹಿಗ್ಗಿ, ಬೀಸುವ ಹೆಣ್ಣುಮಕ್ಕಳು ಇನ್ನು ಕೋಳಿ ಕೂಗಿದರೂ ನೆಮ್ಮದಿಯಾಗಿ ಮಲಗಬಹುದೆಂದು ಪದ್ಯ ಬರೆದನು. ನೀರೇ ಬಂದು ಚಕ್ರ ತಿರುಗಿಸುವಾಗ ತೋಳು ನೋಯಿಸಿಕೊಳ್ಳುವುದೇಕೆ? ಕವಿಯ ಲೆಕ್ಕ ಸರಿಯಾಗಿಯೇ ಇದೆ. ನದಿಯ ದಡ ಯಾರದು ಎಂಬ ಒಂದು ಅಂಶ ಮಾತ್ರ ಅವನ ಲೆಕ್ಕಕ್ಕೆ ಬರಲಿಲ್ಲ.

ಇಂಗ್ಲೆಂಡಿನಲ್ಲಿ 1086ರಲ್ಲಿ ಬರೆಸಿದ ‘ಡೂಮ್ಸ್‌ಡೇ’ ಎಂಬ ಭೂಮಾಪನದ ಕಡತದಲ್ಲಿ ಸುಮಾರು 6000 ಗಿರಣಿಗಳ ಲೆಕ್ಕವಿದೆ. ಒಡ್ಡು ಕಟ್ಟಿ, ಕಾಲುವೆ ತೋಡಿ, ಚಕ್ರ ಹೂಡಿ ಗಿರಣಿ ನಿಲ್ಲಿಸುವುದು ಬಡ ಒಕ್ಕಲಿನಿಂದ ಆಗುವ ಕೆಲಸವಲ್ಲ; ಒಳ್ಳೆಯ ಕಲ್ಲು ಎಷ್ಟೋ ವೇಳೆ ಜರ್ಮನಿಯ ರೈನ್ ನದಿಯ ಕಡೆಯಿಂದ ಹಡಗಿನಲ್ಲಿ ಬರಬೇಕಾಗಿತ್ತು. ಹಣ ಹಾಕಿದವನು ಜಹಗೀರುದಾರ ಅಥವಾ ಮಠ. ಹಾಕಿದ ಹಣ ಹಿಂದಿರುಗಬೇಕಾದರೆ ಊರಿನವರೆಲ್ಲ ಅಲ್ಲಿಗೇ ಕಾಳು ತರಬೇಕು. ಒಕ್ಕಲುಗಳು ಒಡೆಯನ ಗಿರಣಿಯಲ್ಲಿಯೇ ಬೀಸಿಸಬೇಕೆಂಬ ಕಟ್ಟಳೆ ಹೀಗೆ ಹುಟ್ಟಿತು. ಬೀಸಿದ್ದಕ್ಕೆ ಕೂಲಿ ಹಣದಲ್ಲಲ್ಲ, ಕಾಳಿನಲ್ಲಿಯೇ. ಊರಿನ ಪದ್ಧತಿಯಂತೆ ಹದಿನಾರರಲ್ಲಿ ಒಂದು ಪಾಲು, ಇಪ್ಪತ್ತನಾಲ್ಕರಲ್ಲಿ ಒಂದು ಪಾಲು, ಹೀಗೆ. ಇದು ಕಟ್ಟಳೆಯ ಲೆಕ್ಕ. ಗಿರಣಿಯವನ ಹೆಬ್ಬೆರಳಿನ ಲೆಕ್ಕ ಬೇರೆಯೇ ಇತ್ತು. ಅಳತೆ ಮಾಡುವಾಗ ಕಾಳು ಕದಿಯುವ ಗಿರಣಿಯವನು ಚಾಸರ್ ಕವಿಯ ಕಥೆಗಳಲ್ಲಿ ಬರುತ್ತಾನೆ; ಆ ಕವಿ ನಮ್ಮ ಈ ಪ್ರಸಂಗದ ಕಾಲದಲ್ಲಿಯೇ ಲಂಡನ್ನಿನಲ್ಲಿ ಬದುಕಿದ್ದವನು. ಫ್ರಾನ್ಸಿನಲ್ಲಂತೂ ಹಿಟ್ಟು ಒಡೆಯನ ಗಿರಣಿಯಿಂದ ಬಂದರೆ ಸಾಲದು, ರೊಟ್ಟಿಯೂ ಅವನ ಒಲೆಯಲ್ಲಿಯೇ ಬೇಯಬೇಕೆಂಬ ಕಟ್ಟಳೆ ಎಷ್ಟೋ ಕಡೆ ಇದ್ದಿತು. ನಮ್ಮ ಶಾಸನಗಳಲ್ಲಿ ಗಾಣದ ಮೇಲಿನ ತೆರಿಗೆಯ ಮಾತು ಮತ್ತೆಮತ್ತೆ ಬರುವುದನ್ನು ಬಲ್ಲವರಿಗೆ ಇದು ತೀರ ಹೊಸದೆನಿಸಲಾರದು. ಎತ್ತು ಕಟ್ಟಿ ನಡುಬೀದಿಯಲ್ಲಿ ತಿರುಗಿಸುವ ಗಾಣ ಅಧಿಕಾರಿಯ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಬೀಸುಗಲ್ಲು ಮನೆಯೊಳಗಿನದು. ಕೋಣೆಯ ಮೂಲೆಯಲ್ಲಿ ಕುಳಿತು, ಎರಡು ಕಲ್ಲು, ನಡುವೆ ಒಂದು ಗೂಟ, ಹಿಡಿಯಲು ಒಂದು ಹಿಡಿ, ಇಷ್ಟರಿಂದ ಕೆಲಸ ನಡೆದುಹೋಗುತ್ತದೆ. ತೆರಿಗೆಗೆ ಸಿಕ್ಕದಿರುವುದೇ ಅದರ ಅಪರಾಧ.

ಸೇಂಟ್ ಆಲ್ಬನ್ಸಿನ ಜಗಳ ಒಂದು ದಿನದ್ದಲ್ಲ, ಒಂದು ತಲೆಮಾರಿನದೂ ಅಲ್ಲ. 1274ರಲ್ಲಿಯೇ ಊರಿನವರು ಮನೆಯಲ್ಲಿ ಬೀಸುತ್ತೇವೆ, ನಮ್ಮ ಬಟ್ಟೆಯನ್ನು ನಾವೇ ತುಳಿದು ಹದಮಾಡಿಕೊಳ್ಳುತ್ತೇವೆ ಎಂದು ಮಠಕ್ಕೆ ಎದುರು ನಿಂತರು. ಆ ವೇಳೆಗೆ ಎಲಿಯನೋರ್ ರಾಣಿ ಆ ಕಡೆ ಬಂದಳು. ಊರವರ ದೂರು ಅವಳ ಕಿವಿಗೆ ಬೀಳದಿರಲೆಂದು ಮಠಾಧಿಪತಿ ಅವಳನ್ನು ಬೇರೆ ದಾರಿಯಲ್ಲಿ ಕರೆತರಲು ಹವಣಿಸಿದನು. ಹೆಂಗಸರು ಅದನ್ನು ತಿಳಿದು, ಗುಂಪುಕಟ್ಟಿ ಓಡಿ, ಕೈಚಾಚಿ ರಾಣಿಗೆ ಮೊರೆಯಿಟ್ಟರು. ಮೊರೆಯಿಂದ ಫಲವೇನೂ ಆಗಲಿಲ್ಲ. ನ್ಯಾಯಸ್ಥಾನದಲ್ಲಿ ಮಠವೇ ಗೆದ್ದಿತು. ಮುಂದೆ ಎರಡನೆಯ ಎಡ್ವರ್ಡ್ ದೊರೆ ಸಿಂಹಾಸನ ಕಳೆದುಕೊಂಡ 1326-27ರ ಗೊಂದಲದಲ್ಲಿ ಊರವರು ಮಠಕ್ಕೆ ಮುತ್ತಿಗೆ ಹಾಕಿ, ತಮ್ಮ ಹಕ್ಕುಗಳಿಗೆ ಪತ್ರ ಬರೆಯಿಸಿಕೊಂಡರು. ಆಗ ಊರಿನಲ್ಲಿ ಎಂಬತ್ತು ಬೀಸುಗಲ್ಲುಗಳು ಎದ್ದು ನಿಂತುವು.

ಆ ಎಂಬತ್ತು ಕಲ್ಲುಗಳನ್ನು ಹಿಂದಕ್ಕೆ ತಂದವನು ಮಠಾಧಿಪತಿ ವಾಲಿಂಗ್‌ಫರ್ಡಿನ ರಿಚರ್ಡ್. ಈತನ ವಿಷಯ ನಾಲ್ಕು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಕಮ್ಮಾರನ ಮಗ; ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ಮಠದವರ ಆಶ್ರಯದಲ್ಲಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಓದಿ, ಗಣಿತ ಜ್ಯೋತಿಷಗಳಲ್ಲಿ ಆ ಕಾಲದ ಯೂರೋಪಿನ ದೊಡ್ಡ ವಿದ್ವಾಂಸರ ಸಾಲಿಗೆ ಸೇರಿದನು. 1327ರಲ್ಲಿ ಮಠದ ಪಟ್ಟಕ್ಕೆ ಬಂದನು. ಅಷ್ಟರಲ್ಲಿ ಮೈಗೆ ಕುಷ್ಠ ಹತ್ತಿತು. ಮಠಕ್ಕೆ ಸಾಲ, ಗುಡಿಯ ಒಂದು ಪಾರ್ಶ್ವ ಕುಸಿದು ಬಿದ್ದಿದೆ, ಊರು ತಿರುಗಿ ನಿಂತಿದೆ. ಇದರ ನಡುವೆ ಈತ ಹಲ್ಲಿನ ಚಕ್ರಗಳಿಂದ ಸೂರ್ಯ ಚಂದ್ರರ ಗತಿಯನ್ನೂ ಗ್ರಹಣವನ್ನೂ ತೋರಿಸುವ ಅದ್ಭುತವಾದ ಗಡಿಯಾರ ಕಟ್ಟುವುದರಲ್ಲಿ ತೊಡಗಿದ್ದನು. ಮೂರನೆಯ ಎಡ್ವರ್ಡ್ ದೊರೆ ಬಂದು, ಗುಡಿ ಬಿದ್ದಿರುವಾಗ ಗಡಿಯಾರಕ್ಕೆ ಹಣ ಸುರಿಯುವುದೇ ಎಂದು ಆಕ್ಷೇಪಿಸಿದಾಗ, ಗೋಡೆ ಕಟ್ಟಿಸಬಲ್ಲವರು ತನ್ನ ನಂತರ ಎಷ್ಟೋ ಮಂದಿ ಬರುವರು, ಈ ಗಡಿಯಾರವನ್ನು ಮುಗಿಸಬಲ್ಲವರು ಬರಲಾರರು ಎಂದು ಉತ್ತರವಿತ್ತನಂತೆ. ಇಂಥ ಮನುಷ್ಯನನ್ನು ಮೆಚ್ಚದಿರುವುದು ಕಷ್ಟ. ಆದರೆ ಚಕ್ರದ ಮೇಲೆ ಚಕ್ರವಿಟ್ಟು ಆಕಾಶವನ್ನೇ ತಿರುಗಿಸಿದ ಅದೇ ಕೈ, 1331ರ ಸುಮಾರಿಗೆ, ಬಡವರ ಮನೆಯಲ್ಲಿ ತಿರುಗುತ್ತಿದ್ದ ಕಲ್ಲನ್ನು ನಿಲ್ಲಿಸಿತು. ಊರವರ ಹಕ್ಕುಪತ್ರವನ್ನು ಹಿಂದಕ್ಕೆ ಪಡೆದು, ಕಲ್ಲುಗಳನ್ನು ಒಪ್ಪಿಸಿಕೊಂಡು, ಆ ಕೊಠಡಿಯ ನೆಲಕ್ಕೆ ಹಾಸಿಸಿದನು. ಉಗ್ರಾಣಕ್ಕೆ ಹಾಕಬಹುದಾಗಿತ್ತು, ಒಡೆದು ಎಸೆಯಬಹುದಾಗಿತ್ತು. ಹಾಸಿದ್ದು ನೆನಪಿಗಾಗಿ.

ನೆನಪು ಉಳಿಯಿತು, ಆದರೆ ಎರಡು ಕಡೆಯೂ ಉಳಿಯಿತು. 1381ರಲ್ಲಿ ತಲೆಗಂದಾಯದ ಕಾರಣದಿಂದ ಇಂಗ್ಲೆಂಡಿನ ರೈತರು ದಂಗೆಯೆದ್ದು ಲಂಡನ್ನಿಗೆ ನುಗ್ಗಿದರು. ಹದಿನಾಲ್ಕು ವರ್ಷದ ಬಾಲಕನಾಗಿದ್ದ ಎರಡನೆಯ ರಿಚರ್ಡ್ ದೊರೆಯಿಂದ, ಊರವರ ಹಕ್ಕುಗಳನ್ನು ಕೊಟ್ಟುಬಿಡಬೇಕೆಂದು ಮಠಕ್ಕೆ ಕಾಗದ ಬರೆಯಿಸಿಕೊಂಡು ಸೇಂಟ್ ಆಲ್ಬನ್ಸಿನವರು ಹಿಂದಿರುಗಿದರು. ಅವರ ಮುಂದಾಳು ವಿಲಿಯಂ ಗ್ರಿಂಡ್‌ಕಾಬ್ ಎಂಬವನು, ಮಠದಲ್ಲಿಯೇ ಓದು ಕಲಿತವನು. ಜೂನ್ ತಿಂಗಳ ಆ ದಿನಗಳಲ್ಲಿ ಅವರು ಮಠದ ಸೆರೆಮನೆಯನ್ನು ತೆರೆದರು. ಕೊಳವನ್ನು ಒಡೆದು ಬಿಟ್ಟರು. ಬೇಟೆಯ ಹಕ್ಕು ತಮ್ಮದಾಯಿತೆಂಬುದಕ್ಕೆ ಗುರುತಾಗಿ ಜೀವಂತ ಮೊಲವೊಂದನ್ನು ಊರ ನಡುವಿನ ದಂಡನೆಯ ಕಂಬಕ್ಕೆ ಕಟ್ಟಿದರು. ಆಮೇಲೆ ಆ ಕೊಠಡಿಗೆ ನುಗ್ಗಿ ನೆಲವನ್ನು ಅಗೆದರು. ಕಲ್ಲುಗಳನ್ನು ಹೊರಕ್ಕೆ ಹೊತ್ತು ತಂದು ಒಡೆದು, ಒಬ್ಬೊಬ್ಬರಿಗೆ ಒಂದೊಂದು ಚೂರು ಹಂಚಿದರು. ಈ ಸಂಗತಿಯನ್ನು ಬರೆದಿಟ್ಟವನು ಥಾಮಸ್ ವಾಲ್ಸಿಂಗ್‌ಹ್ಯಾಮ್ ಎಂಬ ಅದೇ ಮಠದ ಸನ್ಯಾಸಿ. ದಂಗೆಕೋರರನ್ನು ಕಂಡರೆ ಅವನಿಗಾಗದು. ಆದರೂ ಅವನಿಗೆ ಹೊಳೆದ ಹೋಲಿಕೆಯನ್ನು ನೋಡಿ: ಭಾನುವಾರ ಊರಗುಡಿಯಲ್ಲಿ ಪವಿತ್ರವಾದ ರೊಟ್ಟಿಯನ್ನು ಮುರಿದು ಹಂಚುವಂತೆ ಹಂಚಿದರು ಎನ್ನುತ್ತಾನೆ. ಪ್ರಸಾದವೆಂದರೆ ನಮಗೆ ಬೇಗ ಅರ್ಥವಾಗುತ್ತದೆ. ಐವತ್ತು ವರ್ಷದ ಹಿಂದೆ ಅಜ್ಜಿಯ ಮನೆಯಿಂದ ಹೋದ ಕಲ್ಲಿನ ಚೂರನ್ನು ಮೊಮ್ಮಗ ಪ್ರಸಾದದಂತೆ ಮನೆಗೆ ತಂದನು. ಆ ಚೂರಿನಿಂದ ಇನ್ನು ಒಂದು ಹಿಡಿ ಕಾಳನ್ನೂ ಬೀಸಲಾಗದು ಎಂಬುದು ಅವನಿಗೆ ತಿಳಿಯದೆ ಇರಲಿಲ್ಲ.

ದಂಗೆ ಅಡಗಿತು. ಬಂಧಿತನಾದ ಗ್ರಿಂಡ್‌ಕಾಬನನ್ನು, ಪಡೆದ ಪತ್ರಗಳನ್ನು ಹಿಂದಿರುಗಿಸುವಂತೆ ಊರವರನ್ನು ಒಪ್ಪಿಸೆಂದು ಜಾಮೀನಿನ ಮೇಲೆ ಕಳುಹಿಸಿದರು. ಅವನು ಬಂದು ಹೇಳಿದ್ದು ಅದಕ್ಕೆ ವಿರುದ್ಧವಾದುದನ್ನು: ತನ್ನ ಪ್ರಾಣವನ್ನು ಲೆಕ್ಕಿಸಬೇಡಿ, ಬಿಟ್ಟುಕೊಡಬೇಡಿ ಎಂದು. ಜುಲೈ ತಿಂಗಳಲ್ಲಿ ದೊರೆಯೇ ಸೇಂಟ್ ಆಲ್ಬನ್ಸಿಗೆ ಬಂದನು. ಗ್ರಿಂಡ್‌ಕಾಬನಿಗೂ ಅವನ ಹಲವು ಮಂದಿ ಸಂಗಡಿಗರಿಗೂ ಗಲ್ಲಾಯಿತು. ದಂಗೆಯ ಉಪದೇಶಕನೆಂದು ಹೆಸರಾದ ಜಾನ್ ಬಾಲ್ ಪಾದ್ರಿಯನ್ನು ಕೊಂದುದೂ ಆ ಊರಿನಲ್ಲಿಯೇ, ಜುಲೈ 15ರಂದು. ಹಕ್ಕುಪತ್ರಗಳು ಮಠಕ್ಕೆ ಮರಳಿದುವು.

ಈ ಪ್ರಸಂಗವನ್ನು ಇಪ್ಪತ್ತನೆಯ ಶತಮಾನದ ಓದುಗರಿಗೆ ನೆನಪು ಮಾಡಿಕೊಟ್ಟವನು ಫ್ರೆಂಚ್ ಇತಿಹಾಸಕಾರ ಮಾರ್ಕ್ ಬ್ಲಾಕ್. ನೀರಿನ ಗಿರಣಿಯ ಚರಿತ್ರೆಯನ್ನು ಕುರಿತ 1935ರ ಪ್ರಬಂಧದಲ್ಲಿ ಅವನು ಇದನ್ನು ವಿವರಿಸಿದ್ದಾನೆ. (ಅವನನ್ನೂ 1944ರಲ್ಲಿ ಜರ್ಮನರು ಗುಂಡಿಕ್ಕಿ ಕೊಂದರು; ದಬ್ಬಾಳಿಕೆಯ ವಿಷಯ ಅವನಿಗೆ ಗ್ರಂಥದಿಂದ ಮಾತ್ರ ತಿಳಿದುದಲ್ಲ.) ಹೆಚ್ಚು ಜಾಣತನದ ಯಂತ್ರ ಬಂದ ಮಾತ್ರಕ್ಕೆ ಜನ ಹಳೆಯದನ್ನು ಬಿಡುವುದಿಲ್ಲ, ಯಂತ್ರ ಯಾರದು ಎಂಬುದನ್ನು ನೋಡುತ್ತಾರೆ ಎಂಬುದು ಆ ಪ್ರಬಂಧದಿಂದ ನನಗೆ ಹೊಳೆದ ಅಂಶ.

ಇಲ್ಲಿ ನನ್ನದೊಂದು ತಕರಾರು ಇದೆ. ಮನೆಯಲ್ಲಿ ಬೀಸಿಕೊಂಡರೆ ಕೂಲಿ ಉಳಿಯುತ್ತದೆ, ನಿಜ. ಆ ಕೂಲಿಯನ್ನು ಉಳಿಸಿದ ತೋಳು ಯಾರದು? ಗ್ರಿಂಡ್‌ಕಾಬನ ಹೆಸರುಂಟು, ಮಠಾಧಿಪತಿಯ ಹೆಸರುಂಟು, ಕಲ್ಲು ತಿರುಗಿಸಿದವಳ ಹೆಸರಿಲ್ಲ. ಗಂಡಸರು ಸ್ವಾತಂತ್ರ್ಯವೆಂದು ಕರೆದುದು ಹೆಂಗಸರಿಗೆ ಬೆಳಗಿನ ಜಾವದ ಬೆನ್ನುನೋವಾಗಿತ್ತಲ್ಲವೆ? ಹೀಗೆ ಕೇಳಿಕೊಂಡಾಗಲೆಲ್ಲ 1274ರಲ್ಲಿ ರಾಣಿಯ ಹಿಂದೆ ಓಡಿದ ಹೆಂಗಸರು ನನಗೆ ಅಡ್ಡ ಬರುತ್ತಾರೆ. ಬೀಸುವ ಕಷ್ಟ ಅವರಿಗಿಂತ ಬೇರೆ ಯಾರಿಗೆ ಗೊತ್ತು? ಆದರೂ ಕೈ ಚಾಚಿ ಬೇಡಿದ್ದು ಬೀಸುವ ಹಕ್ಕನ್ನೇ. ಮೈನೋವು ತನ್ನದು, ಮನೆಯ ಕಾಳಿನಲ್ಲಿ ಪಾಲು ಹೋಗುವುದೂ ತನ್ನದೇ ಮಕ್ಕಳ ಬಾಯಿಂದ ಎಂದು ತೂಗಿ ನೋಡಿದವಳು ಅವಳೇ. ಅವಳ ತೂಕವನ್ನು ನಾವು ಕುರ್ಚಿಯಲ್ಲಿ ಕುಳಿತು ತಿದ್ದಹೋಗುವುದು ಸಲ್ಲದು.

ಅವಳು ಕಲ್ಲಿನ ಮುಂದೆ ಕುಳಿತು ಏನನ್ನು ಹಾಡಿಕೊಂಡಳೋ, ವಾಲ್ಸಿಂಗ್‌ಹ್ಯಾಮನ ಲ್ಯಾಟಿನ್ ಗ್ರಂಥ ಅದನ್ನು ಬರೆದುಕೊಂಡಿಲ್ಲ. ಗ್ರೀಕರದೊಂದು ಪುಟ್ಟ ಬೀಸುವ ಹಾಡು ಪ್ಲುಟಾರ್ಕನ ಬರಹದಲ್ಲಿ ಉಳಿದಿದೆ. ಅದರಲ್ಲಿಯೂ ಪಿಟ್ಟಕಸ್ ಎಂಬ ಆಳರಸನೊಬ್ಬನ ಹೆಸರು ಬಂದುಬಿಟ್ಟಿದೆ! ಈ ವಿಷಯದಲ್ಲಿ ಕನ್ನಡಿಗರು ಭಾಗ್ಯವಂತರು. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಗ್ರಹಿಸಿದುದರಿಂದ ಮೊದಲಾಗಿ ನಮ್ಮ ತ್ರಿಪದಿಗಳ ದೊಡ್ಡ ರಾಶಿಯೇ ಅಚ್ಚಾಗಿದೆ. ಅದರಲ್ಲಿ ಬಹುಪಾಲು ರಾಗಿಕಲ್ಲು ಜೋಳದ ಕಲ್ಲುಗಳ ಮುಂದೆ ಹುಟ್ಟಿದುದು. ತರಗತಿಯಲ್ಲಿ ಇದನ್ನು ಪಾಠ ಹೇಳುವಾಗ, ಕಲ್ಲು ತಿರುಗುವುದನ್ನು ಕಣ್ಣಾರೆ ನೋಡಿದವರು ಯಾರೆಂದು ಕೇಳುತ್ತೇನೆ. ಎಂಬತ್ತು ಮಂದಿಯಲ್ಲಿ ಎರಡೋ ಮೂರೋ ಕೈ ಮೇಲೇಳುತ್ತವೆ. ನನ್ನ ಅಜ್ಜಿಯ ಕಾಲಕ್ಕೇ ಡಬ್ಬಿ ಹೊತ್ತು ಹಿಟ್ಟಿನ ಗಿರಣಿಗೆ ಹೋಗುವ ರೂಢಿ ಬಂದಿತ್ತು. ಆಕೆ ಅದಕ್ಕಾಗಿ ಮರುಗಿದ್ದನ್ನು ನಾನು ಕಾಣೆ. ಗಿರಣಿಯವನು ನಮ್ಮ ಕಾಳಿಗೆ ಯಾರದೋ ಹಿಟ್ಟು ಬೆರೆಸಿಕೊಟ್ಟನೆಂದು ಮಾತ್ರ ಆಗಾಗ ಗೊಣಗುತ್ತಿದ್ದಳು.

ಯೂರೋಪಿನಲ್ಲಿ ಗಿರಣಿಯ ಕಟ್ಟಳೆ ಬಹುಕಾಲ ಉಳಿಯಿತು. ಮ್ಯಾಂಚೆಸ್ಟರಿನ ಜನ ತಮ್ಮ ಕಾಳನ್ನೆಲ್ಲ ಆ ಊರಿನ ಗ್ರಾಮರ್ ಸ್ಕೂಲಿಗೆ ಸೇರಿದ ಗಿರಣಿಗಳಲ್ಲಿಯೇ ಬೀಸಿಸಬೇಕಾಗಿತ್ತು. 1758ರ ಕಾನೂನಿನಿಂದ ಬಿಡುಗಡೆಯಾಯಿತು, ಅದೂ ಮಾಲ್ಟಿಗೆ ಅನ್ವಯಿಸಲಿಲ್ಲ. ಫ್ರಾನ್ಸಿನಲ್ಲಿ ಊಳಿಗಮಾನ್ಯದ ಹಕ್ಕುಗಳನ್ನು 1789ರ ಆಗಸ್ಟಿನಲ್ಲಿ ರದ್ದುಮಾಡಿದೆವೆಂದು ಸಾರಿದರೂ, ಪರಿಹಾರವಿಲ್ಲದೆ ಪೂರ್ತಿಯಾಗಿ ಅಳಿಸಿಹಾಕಿದುದು 1793ರ ಜುಲೈ ತಿಂಗಳಲ್ಲಿ.

ಸೇಂಟ್ ಆಲ್ಬನ್ಸಿನ ಮಠವನ್ನು 1539ರಲ್ಲಿ ಎಂಟನೆಯ ಹೆನ್ರಿ ಮುಚ್ಚಿಸಿದನು. ಗುಡಿ ಉಳಿದು ಈಗ ಕತೀಡ್ರಲ್ ಆಗಿದೆ. ದಂಗೆಯ ದಿನ ಜನ ಮುತ್ತಿದ ಹೆಬ್ಬಾಗಿಲೂ ಉಳಿದಿದೆ, ಅದರಲ್ಲಿ ಒಂದು ಶಾಲೆ ನಡೆಯುತ್ತಿದೆ. ರಿಚರ್ಡನ ಗಡಿಯಾರ ಹಾಳಾಗಿ ಹೋದರೂ ಅದನ್ನು ಕುರಿತು ಅವನು ಬರೆದ ಹಸ್ತಪ್ರತಿ ಆಕ್ಸ್‌ಫರ್ಡಿನಲ್ಲಿ ಸಿಕ್ಕಿತು. ಅದನ್ನು ನೋಡಿ ಇಪ್ಪತ್ತನೆಯ ಶತಮಾನದಲ್ಲಿ ಹೊಸದಾಗಿ ಮಾಡಿದ ಪ್ರತಿಯೊಂದು ಕತೀಡ್ರಲಿನಲ್ಲಿದೆ. ಚಕ್ರಕ್ಕೆ ಎಷ್ಟು ಹಲ್ಲು, ಯಾವುದು ಯಾವುದನ್ನು ತಿರುಗಿಸಬೇಕು ಎಂಬುದನ್ನೆಲ್ಲ ಅವನು ಬರೆದಿಟ್ಟಿದ್ದನು.